ಗಣಿತದ ಮ್ಯಾಡಮ್ಮಿನ ಮಗಳಿಗೆ ಟ್ಯೂಶನ್

ಮನ್ಯಾಗ ಟ್ಯೂಶನ್ ಹೇಳೋರಿಗೆ ನಗೂವಂಥಾ ಸಂಗತಿ ದಿನಾ ಒಂದಿಲ್ಲೊಂದು ಆಗತಾವ. ಆದ್ರ ನಗೋರು ಯಾವಾಗಲೂ ಬ್ಯಾರೇ ಮಂದಿ.

ಆಡಾಕ ಜೋಡಿ

ಯಜಮಾನರ ಫ್ಯಾಕ್ಟರಿ ನೌಕರಿ ಬೆನ್ನ ಹತ್ತಿ ಧಾರವಾಡದಿಂದ ನಾಗಪುರಕ್ಕ ಬಂದೆ. ಇಲ್ಲೆ ಹತ್ತನೇ ಇಯತ್ತೆ ಹುಡುಗ ಟ್ಯೂಶನ್ನಿಗೆ ಹೋಗಂಗಿಲ್ಲ ಅಂದ್ರ, ಮೈಯಾಗ ಆರಾಮ ಇಲ್ಲೇನು ಅಂತ ಕೇಳ್ತಾರ. ನಾನೂ ಗಣಿತ ಹೇಳಾಕ ಸುರು ಮಾಡಿದೆ.

ಒಬ್ಬಾಕಿ ಮಗನ್ನ ಕರಕೊಂಡು ಬಂದ್ಲು. ಅವಂದು ಗಣಿತದಾಗ ನೂರಕ್ಕ ನೂರು ಮಾರ್ಕ್ಸು. ಮತ್ತ ಟ್ಯೂಶನ್ ಯಾಕ್ರೀ ಅಂದೆ. ಓಣಿ ಹುಡುಗರೆಲ್ಲಾ ಇಲ್ಲೇ ಇರ್ತಾರ, ಸಂಜೀಕೆ ಇವಗ ಆಡಾಕ ಯಾರೂ ಸಿಗವಲ್ರು ಅಂದ್ಲು. ಸೇರಿಸಿಕೊಂಡೆ.

ಗುರುಗಳ ಸಲಹೆ

ನನ್ನ ಮಗಳೂ ಹತ್ತನೇ ಇಯತ್ತೆ. ಶಾಲ್ಯಾಗ ಮಾಸ್ತರು, ಈ ಪಾಠ ಟ್ಯೂಶನ್ನಿನಾಗ ಆಗೈತೇನು ಅಂತ ಕೇಳ್ತಾರಂತ. ಎಲ್ಲಾರೂ ಕೈ ಎತ್ತತಾರ, ಮಾಸ್ತರು ಆ ಪಾಠ ಬಿಟ್ಟು ಮುಂದ ಹೋಗತಾರ. ಟ್ಯೂಶನ್ ಇಲ್ಲದಾಕಿ ನನ್ನ ಮಗಳು ಒಬ್ಬಾಕಿನ. ಪರೀಕ್ಷಾದಾಗ ಗಣಿತ ಫೇಲ್ ಆದ್ಲು. ಬೋರ್ಡ್ ಪರೀಕ್ಷಾದಾಗೂ ಹಿಂಗಾದ್ರ ಹೆಂಗ ಅಂತ ನನಗ ಚಿಂತಿ ಹತ್ತಿತು.

ಮಾಸ್ತರು ನನ್ನ ಕರೆಸಿ, ಟ್ಯೂಶನ್ನಿಗೆ ಹಾಕ್ರಿ ಅಂದ್ರು. ಆ ಹುಡುಗರಿಗೆಲ್ಲಾ ಹೇಳಾಕಿ ನಾನ ರೀ ಸರ್ ಅಂದೆ. ಅವರು ಸ್ವಲ್ಪ ವಿಚಾರ ಮಾಡಿದ್ರು.

“ಹಂಗಾದ್ರ ಬ್ಯಾರೇ ಕಡೆ ಹಾಕ್ರಿ.”

ಅದಲಾ ಬದಲಿ

ಮಗಳಿಗೆ ಮನ್ಯಾಗ ನಾನ ಪಾಠ ಹೇಳಿ ನೋಡಿದೆ. ತ್ರಿಕೋನದಿಂದ ಸುರು ಮಾಡಿದ್ದು ಆಕಿ ಮೊಬೈಲಿಗೆ ಬಂದು, ಅಲ್ಲಿಂದ ಜಗಳಕ್ಕ ಮುಟ್ಟತಿತ್ತು. ಕಡೀಕೆ ಹಿಂದಿನ ಓಣ್ಯಾಗ ಗಣಿತ ಟ್ಯೂಶನ್ ಹೇಳೋ ಇನ್ನೊಬ್ಬ ಮ್ಯಾಡಮ್ಮಿನ ಕಡೆ ಹಾಕಿದೆ. ಅವರ ಮಗಾ ಅವರ ಮಾತು ಕೇಳಂಗಿಲ್ಲ, ಅವಾ ನನ್ನ ಕಡೆ ಬಂದ. ಎಂಥಾ ಶಾಣ್ಯಾ ಹುಡುಗ! ಹಡೆದೋರಿಗೆ ಅದು ಗೊತ್ತಿಲ್ಲ.

ಹೇಳಿದ್ರ ಹಿಂಗ ಹೇಳಬೇಕು

ಬೋರ್ಡ್ ಪರೀಕ್ಷೆ ಹತ್ರ ಬಂತು. ವರ್ತುಲದ ಒಂದು ಲೆಕ್ಕ ಮಗಳಿಗೆ ಬಗಿಹರೀಲಿಲ್ಲ. ತಾ ಇಲ್ಲೆ ಅಂದೆ. ನಿನಗ ತಿಳಿಯಂಗಿಲ್ಲ ಬಿಡು, ಮ್ಯಾಡಮ್ಮಿಗೆ ಕೇಳ್ತೀನಿ ಅಂತ ಹೋದ್ಲು.

ಸ್ವಲ್ಪ ಹೊತ್ತಿಗೆ ಮ್ಯಾಡಮ್ಮಿನ ಫೋನ್ ಬಂತು. ನೀರು ಕುಡದು ಬರ್ತೀನಂತ ನನ್ನ ಮಗಳಿಗೆ ಹೇಳಿ ತಮ್ಮ ಅಡಗೀಮನಿಗೆ ಬಂದಾರಂತ. ಆ ಲೆಕ್ಕದಾಗ ಗೆರಿ ಎಲ್ಲಿಂದ ಎಳೀಬೇಕು ಅಂತ ಸಣ್ಣ ದನಿಲೆ ಕೇಳಿದ್ರು. ಚಪಾತಿ ಹೊಳ್ಳಿಸಿ ಹಾಕ್ಕೋತ ಎಲ್ಲಾ ಹೇಳಿದೆ.

ಮಗಳು ಮನೀಗೆ ಬಂದಾಕಿನ ನನ್ನ ಕೂಡ್ರಿಸಿಕೊಂಡು ಅದ ಲೆಕ್ಕ ಬಿಡಿಸಿ ತೋರಿಸಿದ್ಲು. ಎಲ್ಲೂ ತಪ್ಪಲಿಲ್ಲ. ಪಾಸಾಗತಾಳ ಅಂತ ಗ್ಯಾರಂಟಿ ಆತು, ಕಣ್ಣಾಗ ನೀರು ಬಂತು. ಆಕಿ ಅದನ್ನ ನೋಡಿ, ಕಡೀಕೂ ಅಮ್ಮಗ ಲೆಕ್ಕ ತಿಳೀತು, ಅದಕ್ಕ ಅಳಾಕತ್ತಾಳ ಅಂತ ತಿಳಕೊಂಡ್ಲು. ಪ್ರೀತಿಲೆ ಬೆನ್ನ ಮ್ಯಾಲೆ ಕೈ ಇಟ್ಲು.

“ನೋಡಿದೇನಮ್ಮಾ, ಹೇಳಿದ್ರ ಹಿಂಗ ಹೇಳಬೇಕು. ನೀನೂ ನಾಳೆಯಿಂದ ನನ್ನ ಜೋಡಿ ಬಾ, ಮ್ಯಾಡಮ್ಮಿಗೆ ನಾ ಹೇಳ್ತೀನಿ.”