ಅವ್ವನ ದನಿಗೆ ನಾನು ಹಾಕಿದ ಕಾವಲು

ಸಿಂದಗಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವನು ನಾನು. ಊರಿನ ಅರ್ಧ ಕಂಪ್ಯೂಟರುಗಳು ನನ್ನ ಕೈಯಿಂದಲೇ ಬದುಕಿವೆ. ಉಳಿದರ್ಧದ ಸುದ್ದಿ ಬೇಡ. ಒಂದು ಭಾನುವಾರ ಬೆಳಗ್ಗೆ ಓದಿದೆ: ಯಂತ್ರ ಶುರುವಾಗುವಾಗ ಪ್ರೊಸೆಸರನ್ನು ಎಬ್ಬಿಸುವ ಕೆಲಸ ಕರ್ನಲ್ ಎಂಬ ಮೂಲ ತಂತ್ರಾಂಶದ್ದು. ಎಬ್ಬಿಸುವ ಗಡಿಬಿಡಿಯಲ್ಲಿ ಅದು ಒಂದು ಕಡೆ ಕಾವಲು ಹಾಕುವುದನ್ನೇ ಮರೆಯುತ್ತದಂತೆ. ಕಳ್ಳರು ಆ ಸಂದಿಯಲ್ಲಿ ನುಗ್ಗಬಹುದಂತೆ!

ಹೋದ ವರ್ಷ ತೀರಿಕೊಂಡ ಅವ್ವನ ದನಿ ಉಳಿದಿದ್ದದ್ದು ನನ್ನ ಮನೆಯ ಕಂಪ್ಯೂಟರಿನಲ್ಲಿ ಮಾತ್ರ. ಹಿಂದೊಮ್ಮೆ ಮೈಕು ಪರೀಕ್ಷಿಸುವಾಗ ಅಡುಗೆಮನೆಯಿಂದ ಅವಳು ಕೂಗಿದ್ದು ಅದರಲ್ಲಿ ಸಿಕ್ಕಿಕೊಂಡಿತ್ತು: "ಏ ತಮ್ಮಾ, ರೊಟ್ಟಿ ಆರಾಕತ್ತಾವು. ಆ ಡಬ್ಬಿ ಬಿಟ್ಟು ಏಳೋ." ಅಷ್ಟೇ. ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದೆ.

"ಅದನ್ನ ಕದಿಯಾಕ ಯಾರ ಬರ್ತಾರ್ರಿ?" ಎಂದಳು ಹೆಂಡತಿ ಗಿರಿಜಾ. ಸುರಕ್ಷತೆಯ ಮಹತ್ವ ಕುರಿತು ಅವಳಿಗೊಂದು ಉಪನ್ಯಾಸ ಕೊಟ್ಟು ಕೆಲಸಕ್ಕೆ ಕೂತೆ.

ಕರ್ನಲ್‌ಗೆ ತೇಪೆ ಹಚ್ಚಿ ಹೊಸದನ್ನು ತಯಾರಿಸಿದೆ. ದೋಷವಿರುವ ಹಳೆಯದನ್ನು ಇಟ್ಟುಕೊಳ್ಳುವುದೇಕೆಂದು ಅಳಿಸಿಯೂ ಬಿಟ್ಟೆ. ಹೊಸ ಜೋಳ ಮನೆಗೆ ಬರುವತನಕ ಕಾಳು ತುಂಬಿಡುವ ಹಗೇವಿನ ತಳ ಕೆರೆಯಬಾರದೆಂದು ನಮ್ಮ ಹಳ್ಳಿ ಕನ್ನೊಳ್ಳಿಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನಾನು ಪದವೀಧರ.

ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಪ್ರೊಸೆಸರ್ ಏಳಲೇ ಇಲ್ಲ. ಪರದೆ ಕಪ್ಪಗೆ ಕೂತಿತ್ತು. ಕಳ್ಳನೂ ಒಳಗೆ ಹೋಗುವಂತಿಲ್ಲ, ಮಾಲೀಕನೂ ಹೋಗುವಂತಿಲ್ಲ!

ತಿಳಿದವರನ್ನು ಯಾರನ್ನಾದರೂ ಕರೆಯಿರಿ ಎಂದಳು ಗಿರಿಜಾ. ತಿಳಿದವನು ನಾನೇ ಎಂದು ಹೇಳಿ, ಎಲ್ಲವನ್ನೂ ಹೊಸದಾಗಿ ಹಾಕಲು ಹೊರಟೆ. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ ಎಂದು ಅದು ಕೇಳಿತು. ಪೂರ್ತಿ ಓದುವ ತಾಳ್ಮೆ ಇರಲಿಲ್ಲ. ಹೌದು ಎಂದು ಒತ್ತಿದೆ. ಸ್ವಲ್ಪ ಹೊತ್ತಿನಲ್ಲಿ ಯಂತ್ರ ಎದ್ದಿತು. ದೋಷ ಹೋಗಿತ್ತು. ಅವ್ವನ ದನಿಯೂ ಹೋಗಿತ್ತು.

ಎಷ್ಟು ಹುಡುಕಿದರೂ ಸಿಗಲಿಲ್ಲ. ಅವ್ವ ಎರಡನೇ ಸಲ ಸತ್ತಳು, ಈ ಸಲ ನನ್ನ ಕೈಯಾರೆ ಅನ್ನಿಸಿತು. ಊಟದ ಹೊತ್ತಾದರೂ ಏಳದೆ, ಕೀಲಿಮಣೆಯ ಮೇಲೆ ತಲೆಯಿಟ್ಟು ಅತ್ತೆ.

ಆಗ ಅಡುಗೆಮನೆಯಿಂದ ಕೂಗು ಬಂತು. "ಏ ತಮ್ಮಾ, ರೊಟ್ಟಿ ಆರಾಕತ್ತಾವು. ಆ ಡಬ್ಬಿ ಬಿಟ್ಟು ಏಳೋ."

ಅದೇ ಎಳೆತ, ಅದೇ ಸಿಟ್ಟು. ಹದಿನೈದು ವರ್ಷ ಅತ್ತೆಯೊಡನೆ ಜಗಳವಾಡಿ ಗಿರಿಜಾ ಅದನ್ನು ಪೂರ್ತಿ ಕಲಿತಿದ್ದಳು. ಹೋಗಿ ತಾಟಿನ ಮುಂದೆ ಕೂತೆ. ಅವಳ ಕಣ್ಣೂ ಒದ್ದೆಯಾಗಿತ್ತು.

ಎಲ್ಲದಕ್ಕೂ ಬ್ಯಾಕಪ್ ಇಟ್ಟುಕೊಳ್ಳಿ ಎಂದು ಮಕ್ಕಳಿಗೆ ವರ್ಷವಿಡೀ ಬೋಧಿಸುವವನು ನಾನು. ಇಟ್ಟುಕೊಂಡಿದ್ದವಳು ಅವಳು.