ಒಂದು ವರ್ಷ ಮೊದಲೇ ಬಂದ ಸುವರ್ಣ ಮಹೋತ್ಸವ

ಹೋದ ವರ್ಷ ಮೇ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಎರಡೂ ಹತ್ತು. ಎಜ್‌ಬಾಸ್ಟನ್‌ನಲ್ಲಿ ನಮ್ಮ ಮಾವನ ಗ್ಯಾರೇಜಿನ ಬಾಗಿಲಿನಿಂದ ಎರಡು ಹೆಜ್ಜೆ ಎಡಕ್ಕೆ ನಾನು ನಿಂತಿದ್ದೆ. ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣವಿದೆ. ನಾನು ಕಂಡದ್ದನ್ನು ಬರ್ಮಿಂಗ್‌ಹ್ಯಾಮ್‌ನ ಕನ್ನಡಿಗರು ಯಾರೂ ನಂಬುವುದಿಲ್ಲ: ಮಾವ ವರ್ಷದ ಲೆಕ್ಕ ತಪ್ಪಿದರು, ಅದೂ ಬೇಕೆಂದೇ!

ಮಾವ ನಿವೃತ್ತ ಜಿ.ಪಿ., ಅಂದರೆ ಇಲ್ಲಿಯ ಫ್ಯಾಮಿಲಿ ಡಾಕ್ಟರು. ಯಾರಾದರೂ ಮದುವೆಯ ಬೆಳ್ಳಿಹಬ್ಬಕ್ಕೆ ಕರೆದರೆ ಉಡುಗೊರೆ ತರುವುದಿಲ್ಲ. ಪದದ ಮೂಲ ತರುತ್ತಾರೆ. “ಜುಬಿಲಿ ಅಂದ್ರೇನು ಗೊತ್ತೇನ್ರೀ? ಹೀಬ್ರೂ ಜನ ಊದ್ತಿದ್ದ ಟಗರಿನ ಕೊಂಬು! ಏಳೇಳ್ಲ ನಲವತ್ತೊಂಬತ್ತು ವರ್ಷ ಕಾದು ಊದೋದು. ಇಪ್ಪತ್ತೈದಕ್ಕೇ ಏನವಸರ?” ಕೇಕಿಗೆ ಚಾಕು ಎತ್ತಿದ ದಂಪತಿ ಅಲ್ಲಿಯವರೆಗೆ ಹಾಗೇ ನಿಂತಿರಬೇಕು. ಅಮೃತ ಮಹೋತ್ಸವಕ್ಕೆ ಕರೆದವರ ಗತಿ ಕೇಳಬೇಡಿ. ಸಮುದ್ರಮಥನ ಮುಗಿಯುವಷ್ಟರಲ್ಲಿ ಬಿಸಿಬೇಳೆಬಾತ್ ಕಲ್ಲಾಗಿತ್ತು!

ಕನ್ನಡ ಸಂಘದ ಕಾರ್ಯದರ್ಶಿ ಪ್ರಕಾಶ್ ಹತ್ತಿರದ ಲೆಮಿಂಗ್ಟನ್ ಊರಿನಿಂದ ‘ಕನ್ನಡ ಸಂಘ: ಸುವರ್ಣ ಮಹೋತ್ಸವ’ ಎಂಬ ಬ್ಯಾನರ್ ಮಾಡಿಸಿ ತಂದಾಗ ಮಾವ ಅದರ ಕೆಳಗೆ ನಿಂತರು.

“ಎಷ್ಟು ತುಂಬಿದೆ?”

“ನಲವತ್ತೊಂಬತ್ತು ಸರ್. ಐವತ್ತನೇದು ನಡೀತಿದೆಯಲ್ಲ.”

“ನಡೀತಿದೆ! ಎಂಟು ತಿಂಗಳ ಬಸುರಿ ಮುಂದೆ ತೊಟ್ಟಿಲು ಕಟ್ಟಿ ಹೆಸರಿಡ್ತೀರೇನ್ರೀ?”

ಬ್ಯಾನರ್ ಇಳಿಯಿತು. “ಮುಂದಿನ ವರ್ಷ ಕೊಡ್ತೀನಿ” ಎಂದು ಮಾವ ಅದನ್ನು ತಮ್ಮ ಗ್ಯಾರೇಜಿನಲ್ಲಿಟ್ಟು ಬೀಗ ಹಾಕಿದರು. ಸಂಘದ ಕಾರ್ಯಕ್ರಮ ಬೋಳು ಗೋಡೆಯ ಮುಂದೆ ನಡೆಯಿತು.

ಇದಾಗಿ ತಿಂಗಳಿಗೆ ಮಾವ ನನ್ನನ್ನೂ ಪ್ರಕಾಶರನ್ನೂ ಆ ಶನಿವಾರ ಮನೆಗೆ ಕರೆದರು. ಸೋಮವಾರ ಸುಮಿತ್ರತ್ತೆಯ ಹೃದಯದ ಆಪರೇಷನ್ ಇತ್ತು. ಗ್ಯಾರೇಜಿನ ಬಾಗಿಲು ಮೇಲೇರಿತು. ಒಳಗೆ, ಹುಲ್ಲು ಕತ್ತರಿಸುವ ಯಂತ್ರದ ಪಕ್ಕ, ರೇಷ್ಮೆ ಸೀರೆಯುಟ್ಟ ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ಅವರ ತಲೆಯ ಮೇಲೆ ಅದೇ ಬ್ಯಾನರ್! ‘ಕನ್ನಡ ಸಂಘ’ ಎಂಬ ಭಾಗ ಮಾತ್ರ ಒಳಕ್ಕೆ ಮಡಚಿದ್ದರು.

“ಏನ್ರೀ ಇದು? ನಮ್ಮ ಮದುವೆಗೆ ಐವತ್ತಾಗೋಕೆ ಇನ್ನೂ ಒಂದು ವರ್ಷ ಇದೆ” ಎಂದರು ಅತ್ತೆ.

“ನಲವತ್ತೊಂಬತ್ತು ತುಂಬಿತಲ್ಲ” ಎಂದರು ಮಾವ. “ಐವತ್ತನೇದು ನಡೀತಿದೆ.”

ಪ್ರಕಾಶ್ ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ. ಬ್ಯಾನರಿನ ಕೊನೆಯ ದಾರದ ಗಂಟು ಹಾಕಲು ಮಾವನ ಕೈಗೆ ಆಗುತ್ತಿರಲಿಲ್ಲ. ಅತ್ತೆ ಆ ಕೈಯನ್ನೇ ನೋಡಿದರು.

“ಹಾಗಾದ್ರೆ ಕೊಂಬು ಎಲ್ಲಿ?”

ಮಾವ ಅತ್ತಿತ್ತ ನೋಡಿ, ಹೊರಗೆ ನಿಂತಿದ್ದ ಕಾರಿನೊಳಗೆ ಕೂತು ಹಾರ್ನ್ ಒತ್ತಿದರು. ಒತ್ತಿದವರು ಕೈ ತೆಗೆಯಲೇ ಇಲ್ಲ.

“ಸಾಕು ಬಿಡಿ. ಪಕ್ಕದ ಮನೆಯವರು ಕೌನ್ಸಿಲ್‌ಗೆ ಕಂಪ್ಲೇಂಟ್ ಕೊಡ್ತಾರೆ” ಎಂದು ಅತ್ತೆ ಕಣ್ಣೊರೆಸಿಕೊಂಡರು.

ಇದನ್ನು ಕಂಡವರಲ್ಲಿ ಪ್ರಕಾಶ್ ಇದ್ದಾರೆ, ಬೇಕಾದರೆ ಕೇಳಿ. ನಾನಿದ್ದೇನೆ. ಆಪರೇಷನ್ ಮುಗಿಸಿ ಮನೆಗೆ ಬಂದ ಸುಮಿತ್ರತ್ತೆ ಇದ್ದಾರೆ. ಅವರ ಮದುವೆಗೆ ಈ ಮೇ ತಿಂಗಳಿಗೆ, ಮಾವನ ಹಳೆಯ ಲೆಕ್ಕದಲ್ಲೇ, ಐವತ್ತು ತುಂಬಿತು.