ಮಾವನ ಕುರುಡು ಟೈಪ್‌ರೈಟರು

ತಾನು ಏನು ಬರೆಯುತ್ತಿದ್ದೇನೆ ಅಂತ ತನಗೇ ಕಾಣದೆ ಮೂವತ್ತು ವರ್ಷ ಊರವರ ಅರ್ಜಿ ಬರೆದುಕೊಟ್ಟ ಮನುಷ್ಯ ಈ ಭೂಮಿ ಮೇಲಿದ್ದರೆ, ಅದು ನಮ್ಮ ಸೋದರಮಾವ ಒಬ್ಬರೇ! ಹಾಗಂತ ಅವರ ಕಣ್ಣಿಗೇನೂ ಆಗಿರಲಿಲ್ಲ. ಕುರುಡಾಗಿದ್ದದ್ದು ಅವರ ಟೈಪ್‌ರೈಟರು.

ಚಿನ್ನದ ಗಣಿಯ ದೊರೆಯೊಬ್ಬ ಬಂಗಲೆ ಖಾಲಿ ಮಾಡಿದಾಗ ಹರಾಜಿನಲ್ಲಿ ಹಿಡಿದು ತಂದ ಮುದಿ ಮಿಷನ್ನು ಅದು. ಅದರ ಅಕ್ಷರದ ಕಡ್ಡಿಗಳು ಬೇರೆ ಮಿಷನ್ನುಗಳ ಹಾಗೆ ಮುಂದಿನಿಂದ ಬಂದು ಹೊಡೆಯುತ್ತಿರಲಿಲ್ಲ. ಹೊಟ್ಟೆಯೊಳಗಿಂದ ಎದ್ದು, ಕಾಗದ ಸುತ್ತುವ ಉರುಳೆಯ ಅಡಿಗೆ ಹೊಡೆಯುತ್ತಿದ್ದವು. ಮೂಡಿದ್ದೇನು ಅಂತ ನೋಡಬೇಕಾದರೆ ಉರುಳೆಯನ್ನೇ ಮೇಲೆತ್ತಬೇಕು. ಮಾವ ಅರ್ಜಿ ಮುಗಿಯುವ ತನಕ ಎತ್ತುತ್ತಿರಲಿಲ್ಲ!

"ಅನ್ನ ದಮ್ಮಿಗೆ ಹಾಕಿ ಮುಚ್ಚಳ ತೆಗೆದು ತೆಗೆದು ನೋಡ್ತಾರೇನೇ?" ಅನ್ನುತ್ತಿದ್ದರು.

ಸಾಲದ್ದಕ್ಕೆ ಅದರಲ್ಲಿದ್ದದ್ದು ಇಂಗ್ಲಿಷಿನ ದೊಡ್ಡಕ್ಷರ ಮಾತ್ರ. ಎಷ್ಟೇ ವಿನಯದ ಅರ್ಜಿಯೂ ತಹಸೀಲ್ದಾರರನ್ನು ಗದರಿಸಿದಂತಿರುತ್ತಿತ್ತು.

ಒಮ್ಮೆ ಶ್ರೀನಿವಾಸಪುರದ ಮಾವಿನ ಮಂಡಿ ಸಾಹೇಬರು ಅರ್ಜಿ ಬರೆಸಲು ಬಂದರು. ತಾಲ್ಲೂಕು ಕಚೇರಿ ಎದುರಿಗಿದ್ದ ತಮ್ಮ ಮನೆ ಜಗಲಿ ಮೇಲೆ ಕೂತು ಮಾವ ಅರ್ಧ ಗಂಟೆ ಟಕಟಕ ಕುಟ್ಟಿದ್ದೇ ಕುಟ್ಟಿದ್ದು! ಕೊನೆಗೆ ಉರುಳೆ ಎತ್ತಿದರೆ ಕಾಗದವೇ ಇಲ್ಲ. ಹಾಕುವುದನ್ನೇ ಮರೆತಿದ್ದರು.

"ಕ್ಯಾ ಸ್ವಾಮಿ, ಹಾಳೆ ಎಲ್ಲಿ?" ಸಾಹೇಬರು ಕಣ್ಣು ಬಿಟ್ಟರು.

"ಹಾಳೆ ವಿಷಯ ಆಮೇಲೆ. ಬರೆದಿದ್ರಲ್ಲಿ ಒಂದು ತಪ್ಪು ತೋರ್ಸಿ ನೋಡೋಣ!"

ಇಂಥವರ ಕೈಗೆ ನನ್ನ ಬಾಳು ಸಿಕ್ಕಿಹಾಕಿಕೊಂಡಿತ್ತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. "ಟೈಪಿಂಗ್ ಪರೀಕ್ಷೆ ಪಾಸಾದ್ರೆ ಕೆಲಸಕ್ಕೆ ಹೋಗು. ಇಲ್ಲಾಂದ್ರೆ ಬೈರಕೂರಿನ ಗಂಡು ರೆಡಿ ಇದೆ" ಅಂದುಬಿಟ್ಟಿದ್ದರು ಅಪ್ಪ. ನಾನು ಓಡಿ ಹೋಗಿ ಮಾವನ ಜಗಲಿಯಲ್ಲಿ ಕೂತೆ.

"ಎ ಬಿ ಸಿ ಡಿ ಸಾಲಾಗಿ ಯಾಕಿಲ್ಲ ಮಾವ?"

"ಜೊತೆಗೆ ಬರೋ ಅಕ್ಷರಗಳ ಕಡ್ಡಿ ಪಕ್ಕಪಕ್ಕ ಇದ್ರೆ ಒಂದಕ್ಕೊಂದು ತಗಲ್ಹಾಕ್ಕೊಂತವಂತೆ. ಅದಕ್ಕೇ ದೂರ ದೂರ ಕೂರ್ಸಿರೋದು. ಮದುವೆ ಊಟಕ್ಕೆ ನಿಮ್ಮತ್ತೇನೂ ಅವಳ ಓರಗಿತ್ತೀನೂ ನಾವು ದೂರ ದೂರ ಕೂರ್ಸಲ್ವಾ, ಹಂಗೆ!"

ಒಳಗೆ ಅತ್ತೆ ಸೌಟು ಕುಟ್ಟಿದ ಸದ್ದಾಯಿತು. ಅವತ್ತಿನ ಪಾಠ ಅಲ್ಲಿಗೇ ನಿಂತಿತು.

ಕೋಲಾರದಿಂದ ಪರೀಕ್ಷೆಯ ಕಾಗದ ಬಂತು. ಮಿಷನ್ನನ್ನು ನಾವೇ ತರಬೇಕಂತೆ! ಸಣ್ಣಕ್ಷರವೇ ಇಲ್ಲದ ಮಿಷನ್ನು ಹೊತ್ತುಕೊಂಡು ಹೋದರೆ ಬಾಗಿಲಲ್ಲೇ ವಾಪಸ್ ಕಳಿಸುವುದಿಲ್ಲವೇ? ಜಗಲಿ ಮೇಲೇ ಅತ್ತುಬಿಟ್ಟೆ.

"ಏಡ್ವಕಮ್ಮಾ, ಅಳಬೇಡ. ನೋಡೋಣ" ಅಂದರು ಮಾವ.

ಪರೀಕ್ಷೆಗೆ ಎರಡು ವಾರವಿತ್ತು. ಒಂದು ದಿನ ಬೆಳಿಗ್ಗೆ ಹೋದರೆ ಜಗಲಿ ಮೇಲೆ ಬೇರೆಯದೇ ಮಿಷನ್ನು! ಸಣ್ಣಕ್ಷರವೂ ಇದೆ, ಹೊಡೆದದ್ದೂ ಕಾಣುತ್ತದೆ.

"ಹಳೇದೆಲ್ಲಿ ಮಾವ?"

"ಹಳೇ ಸಾಮಾನು ಕೂಡಿಡೋರೊಬ್ರು ಬೆಂಗಳೂರಿಂದ ಬಂದು ಬಂದು ಕೇಳ್ತಿದ್ರು. ಅವರಿಗೆ ಕೊಟ್ಟು ಇದನ್ನ ಈಸ್ಕೊಂಡೆ" ಅಂದರು, ಮಾವಿನಕಾಯಿ ಕೊಟ್ಟು ಉಪ್ಪು ತಂದವರ ಹಾಗೆ. ಅತ್ತೆ ಮಾತ್ರ ನನ್ನ ಕಡೆ ನೋಡದೆ ಒಳಗೆ ಹೋದರು.

ಪರೀಕ್ಷೆಯಲ್ಲಿ ಅಕ್ಕಪಕ್ಕದವರೆಲ್ಲ ಕತ್ತೆತ್ತಿ ಕತ್ತೆತ್ತಿ ತಮ್ಮ ಹಾಳೆ ನೋಡಿಕೊಳ್ಳುತ್ತಿದ್ದರು. ನನಗೆ ಆ ಅಭ್ಯಾಸವೇ ಇರಲಿಲ್ಲವಲ್ಲ! ಎಲ್ಲರಿಗಿಂತ ಮೊದಲು ಮುಗಿಸಿದೆ. ಪಾಸಾದೆ. ಮಾಲೂರಿನ ಕಚೇರಿಯಲ್ಲಿ ಕೆಲಸವೂ ಆಯಿತು.

ಕೆಲಸಕ್ಕೆ ಹೊರಟ ದಿನ ಮಾವನ ಕಾಲಿಗೆ ಬಿದ್ದೆ. "ಅದು ನಿಮ್ಮ ಜೀವ ಆಗಿತ್ತಲ್ಲ ಮಾವ. ಯಾಕೆ ಕೊಟ್ರಿ?" ಅಂದೆ.

ಮಾವ ನನ್ನ ತಲೆ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

"ಅದಕ್ಕೆ ವಯಸ್ಸಾಗಿತ್ತು ಕಣಮ್ಮಾ. ನಿಂದು ಈಗ ಶುರು. ಏಳು, ಬಸ್ಸು ಹೋಗಿಬಿಡುತ್ತೆ."